ಪ್ರಾಸಕ್ಕೆ ಸೇರಿಸಿದ ಬಾಟಲಿ

ಕಳೆದ ವಾರ ಮೈಸೂರಿನ ಒಂದು ಕಾಲೇಜಿನಲ್ಲಿ ನಮ್ಮ ಬ್ಯಾಂಡಿನ ಕಾರ್ಯಕ್ರಮವಿತ್ತು. ಮಧ್ಯಾಹ್ನ ಸಾಮಾನು ಇಳಿಸುವಾಗ ಬೇಸ್ ಗಿಟಾರ್ ನುಡಿಸುವ ಶಬೀರ್ ಒಬ್ಬನೇ ಆಂಪ್ಲಿಫೈಯರ್ ಎತ್ತಲು ಹೋಗಿ ಸೊಂಟ ಹಿಡಿದುಕೊಂಡು ಕೂತುಬಿಟ್ಟ. ಕಾಲೇಜಿನವರು ಯಾರೋ ಓಡಿಹೋಗಿ ನೀಲಗಿರಿ ಎಣ್ಣೆಯ ಸಣ್ಣ ಶೀಷೆ ತಂದುಕೊಟ್ಟರು. ವೇದಿಕೆಯ ಹಿಂದಿನ ಕೋಣೆಯಲ್ಲಿ ಅವನನ್ನು ಬೆಂಚಿನ ಮೇಲೆ ಬೋರಲು ಮಲಗಿಸಿ ನಾನೇ ತಿಕ್ಕಲು ಕೂತೆ. ಮುಚ್ಚಳ ತೆಗೆದದ್ದೇ ತಡ, ಆ ವಾಸನೆ ಮೂಗಿನಿಂದ ನೇರವಾಗಿ ಕಣ್ಣಿಗೇರಿತು. ಎಷ್ಟು ಹೊತ್ತು ತಿಕ್ಕಿದೆನೋ ಗೊತ್ತಿಲ್ಲ. "ಸಾಕು ಮಾರಾಯ, ಚರ್ಮ ಕಿತ್ಕೊಂಡು ಬರ್ತದೆ" ಎಂದು ಶಬೀರ್ ಕೂಗಿದಾಗಲೇ ಎಚ್ಚರವಾದದ್ದು. ಅಷ್ಟು ಹೊತ್ತೂ ನಾನು ಮಡಿಕೇರಿಯ ಒಂದು ಶಾಲೆಯ ಪಿ.ಟಿ. ರೂಮಿನಲ್ಲಿದ್ದೆ.

ಆಮೇಲಿಂದ ಒಂದು ಕಡೆ ಕೂರಲು ಆಗುತ್ತಿಲ್ಲ. ಅವತ್ತು ಹಾಡುವಾಗ ಎರಡು ಕಡೆ ಸಾಲು ತಪ್ಪಿತು. ವಾಪಸು ಬರುವಾಗ ಕುಶಾಲನಗರದಲ್ಲಿ ಕಾರಣವಿಲ್ಲದೆ ವ್ಯಾನು ನಿಲ್ಲಿಸಿ, ಇಳಿದು, ರಸ್ತೆಬದಿಯಲ್ಲಿ ಆಚೆಗೂ ಈಚೆಗೂ ನಡೆದೆ. ಬರೆದರೆ ಸ್ವಲ್ಪ ಇಳಿದೀತೇನೋ ಎಂದು ಈಗ ಕೂತಿದ್ದೇನೆ. ಇಳಿಯುತ್ತದೋ ಇಲ್ಲವೋ...

ಆ ರೂಮು ಮೆಟ್ಟಿಲಿನ ಕೆಳಗಿನ ಸಂದಿಗೆ ಒಂದು ಬಾಗಿಲು ಇಟ್ಟು ಮಾಡಿದ್ದು. ನಮ್ಮ ಪಿ.ಟಿ. ಮೇಷ್ಟ್ರು ಅಷ್ಟೇನೂ ಎತ್ತರದವರಲ್ಲ, ಆದರೂ ಬಗ್ಗಿಯೇ ಒಳಗೆ ಹೋಗಬೇಕಿತ್ತು. ಒಳಗೆ ಹಾಕಿ ಸ್ಟಿಕ್ಕುಗಳು, ಜೂನ್‌ನಲ್ಲಿ ಒದ್ದೆಯಾದರೆ ಅಕ್ಟೋಬರಿನವರೆಗೂ ಒಣಗದ ಗೋಲ್‌ಕೀಪರ್ ಪ್ಯಾಡುಗಳು, ಮಣ್ಣು ಮೆತ್ತಿದ ಜರ್ಸಿಗಳು, ಎಲ್ಲದರ ಮೇಲೂ ನೀಲಗಿರಿ ಎಣ್ಣೆಯ ಘಾಟು. ಕಾಲು ಉಳುಕಿದರೂ ಅದೇ ಎಣ್ಣೆ, ನೆಗಡಿಯಾದರೂ ಅದೇ, ಪರೀಕ್ಷೆಯ ಭಯಕ್ಕೆ ಹೊಟ್ಟೆನೋವು ಎಂದರೂ ಅದೇ. ಎರಡು ಹನಿ ಅಂಗೈಗೆ ಸುರಿದು, "ಉಜ್ಜಿಕೊ, ಓಡು" ಎನ್ನುತ್ತಿದ್ದರು.

ಮೈದಾನವನ್ನು ಗುಡ್ಡದ ಬದಿ ಕಡಿದು ಮಾಡಿದ್ದರು. ಯಾರು ಹೇಗೆ ಹೊಡೆದರೂ ಚೆಂಡು ಕೊನೆಗೆ ಒಂದೇ ಮೂಲೆಗೆ ಉರುಳಿಕೊಂಡು ಹೋಗುತ್ತಿತ್ತು. ಮಳೆಗಾಲದಲ್ಲಿ ಮಂಜು ಇಳಿದರೆ ಈ ಕಡೆಯ ಗೋಲಿನಲ್ಲಿ ನಿಂತವನಿಗೆ ಆ ಕಡೆಯ ಗೋಲು ಕಾಣುತ್ತಿರಲಿಲ್ಲ. ಆಗ ಮೇಷ್ಟ್ರ ಸೀಟಿಯೇ ನಮಗೆ ಗುರುತು. ಒಂದು ಚಿಕ್ಕ ಸೀಟಿ ಎಂದರೆ ತಪ್ಪಾಟ, ಎರಡು ಎಂದರೆ ಎಲ್ಲರೂ ಬನ್ನಿ, ಉದ್ದಕ್ಕೆ ಎಳೆದರೆ ಆಟ ಮುಗಿಯಿತು. ಬಿಳಿ ಮಂಜಿನೊಳಗೆ ಅವರು ಎಲ್ಲಿದ್ದಾರೆ, ಚೆಂಡು ಎಲ್ಲಿದೆ, ನಾವು ಎಲ್ಲಿ ನಿಂತಿದ್ದೇವೆ ಎನ್ನುವುದು ಆ ಸದ್ದಿನಿಂದ ತಿಳಿಯುತ್ತಿತ್ತು.

ನನ್ನದು ಸಿದ್ದಾಪುರದ ಕಡೆ. ಅಪ್ಪ ಎಸ್ಟೇಟಿನಲ್ಲಿ ರೈಟರ್, ಅಂದರೆ ತೋಟದ ಆಳುಗಳ ಹಾಜರಿ ಬರೆದು ಕೆಲಸ ಹಂಚುವವರು. ಹೈಸ್ಕೂಲಿಗೆ ನನ್ನನ್ನು ಮಡಿಕೇರಿಯ ಹಾಸ್ಟೆಲಿಗೆ ಹಾಕಿದ್ದರು. ನಮ್ಮ ಜಿಲ್ಲೆಯಲ್ಲಿ ಹಾಕಿ ಆಡದ ಹುಡುಗನಿಗೆ ಹಾಸ್ಟೆಲಿನಲ್ಲಿ ಗೆಳೆಯರು ಸಿಗುವುದು ಕಷ್ಟ. ನಾನೂ ಆಡಿದೆ. ಎರಡು ವರ್ಷ ಒಂದು ದಿನವೂ ತಪ್ಪಿಸದೆ ಮೈದಾನಕ್ಕೆ ಹೋದೆ. ಒಂಬತ್ತನೇ ಕ್ಲಾಸಿನಲ್ಲಿ ವಿರಾಜಪೇಟೆಯಲ್ಲಿ ಶಾಲೆಗಳ ಪಂದ್ಯ ಎಂದಾಗ, ನನ್ನ ಹೆಸರು ಇದ್ದೇ ಇರುತ್ತದೆ ಎಂದು ನಾನೇ ತೀರ್ಮಾನಿಸಿಕೊಂಡು, ಹೊಸ ಸಾಕ್ಸು ಹಾಕಿಕೊಂಡು, ಹೊರಡುವ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಸ್ಸು ಹತ್ತಿ ಕೂತೆ.

ಮೇಷ್ಟ್ರು ಬಸ್ಸಿನ ಬಾಗಿಲಲ್ಲಿ ನಿಂತು ಹೆಸರು ಓದಿದರು. ನನ್ನದು ಬರಲಿಲ್ಲ. "ಪಟ್ಟೀಲಿ ಇಲ್ದೋರು ಇಳೀರಿ" ಎಂದರು. ನಾನು ಇಳಿಯಲಿಲ್ಲ. ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ಕಿಟಕಿಯ ಆಚೆ ನೋಡುತ್ತಾ ಕೂತೆ. ಅವರು ಎರಡನೇ ಸಲ ಹೇಳಿದರು. ಮೂರನೇ ಸಲ ಒಳಗೆ ಬಂದು, ಕಾಲರು ಹಿಡಿದು ಇಳಿಸಿ, ಕೈಯಲ್ಲಿದ್ದ ಬೆತ್ತದಿಂದ ಕಾಲಿನ ಮೀನಖಂಡಕ್ಕೆ ಎರಡು ಬಾರಿಸಿದರು. ಹುಡುಗಿಯರ ತಂಡವೂ ಅದೇ ಬಸ್ಸಿನಲ್ಲಿತ್ತು. "ಹೊರಗೆ ನಿಲ್ಲು!" ಎಂದರು. ಬಸ್ಸು ಹೋಯಿತು. ಹೊಸ ಸಾಕ್ಸಿನ ಮೇಲೆ ಕೆಸರು ಹಾರಿತ್ತು... ಆ ಎರಡು ಪದ ನನ್ನೊಳಗೆ ಏಳೆಂಟು ವರ್ಷ ಕೊಳೆಯದೆ ಹಾಗೇ ಇದ್ದವು.

ಬ್ಯಾಂಡು ಶುರುವಾದದ್ದು ಡಿಗ್ರಿಯ ಕೊನೆಯ ವರ್ಷ. ಡ್ರಮ್ಸ್ ನುಡಿಸುವ ಕುಶಾಲನ ಮನೆಯವರ ತೋಟ ಸಿದ್ದಾಪುರದ ಹತ್ತಿರ. ಅಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಶೆಡ್ಡು ಕೊಯ್ಲಿನ ಮೂರು ತಿಂಗಳು ಬಿಟ್ಟರೆ ಖಾಲಿ. ಗೋಡೆಗೆ ಗೋಣಿಚೀಲ ಹೊಡೆದು ನಾವು ಮೂವರು ಅದರಲ್ಲಿ ಸೇರಿಕೊಂಡೆವು. ಕುಶಾಲ್, ಶಬೀರ್, ಗಿಟಾರು ಹಿಡಿದು ಕಿರುಚಲು ನಾನು. ಹೆಸರು 'ಒದ್ದೆ ಸಾಕ್ಸ್'. ಹೆಸರು ಇಟ್ಟದ್ದು ನಾನು, ಯಾಕೆಂದು ಅವರಿಬ್ಬರಿಗೂ ಹೇಳಿರಲಿಲ್ಲ.

ನಮ್ಮದು ಎಮೋ ರಾಕ್ ಎಂದು ನಮಗೆ ಹೇಳಿದವನು ಇಂಟರ್ನೆಟ್ಟಿನಲ್ಲಿ ಯಾವನೋ ಒಬ್ಬ. ಎದೆಯ ನೋವು, ಸಿಟ್ಟು, ಅವಮಾನ ಎಲ್ಲವನ್ನೂ ನಾಚಿಕೆಯಿಲ್ಲದೆ ಗಿಟಾರಿನ ಗದ್ದಲದ ಮೇಲೆ ಅತ್ತು ಕೂಗಿ ಹೇಳುವ ಸಂಗೀತ ಎಂದು ಹುಡುಕಿ ಓದಿಕೊಂಡೆವು. ಅದು ಸರಿಯಾಗೇ ಇತ್ತು. ಹೆಸರು ಸಿಕ್ಕ ಮೇಲೆ ವೇಷವೂ ಬೇಕಲ್ಲ, ಒಂದು ಕಣ್ಣು ಮುಚ್ಚುವಂತೆ ಕೂದಲು ಬಿಟ್ಟೆವು, ಸಿದ್ದಾಪುರದ ಫ್ಯಾನ್ಸಿ ಸ್ಟೋರಿನಿಂದ ಕಪ್ಪು ನೇಲ್ ಪಾಲಿಶ್ ತಂದು ಹಚ್ಚಿಕೊಂಡೆವು. ವಿರಾಜಪೇಟೆ ಬಸ್ಸಿನ ಕಂಡಕ್ಟರು ನನ್ನ ಉಗುರು ನೋಡಿ ನಿಜವಾದ ಕನಿಕರದಿಂದ, "ಬಾಗಿಲ ಸಂದಿಗೆ ಕೈ ಸಿಕ್ತಾ?" ಎಂದು ಕೇಳಿದ್ದ.

ಮೊದಲ ಆಲ್ಬಮ್ಮಿನಲ್ಲಿ ಒಂಬತ್ತು ಹಾಡು, ಎಲ್ಲ ಸೇರಿ ಇಪ್ಪತ್ತೇಳು ನಿಮಿಷ. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದು ಅದರ ಬೆನ್ನು ತುಳಿದುಕೊಂಡು ಬರುತ್ತಿತ್ತು. ಕುಶಾಲ್ ಡ್ರಮ್ಸಿಗೆ ಹಳೆಯ ಹಗೆ ತೀರಿಸುವವನಂತೆ ಬಡಿಯುತ್ತಿದ್ದ. ಮೂರೇ ಸ್ವರಮೇಳ, ಅದನ್ನೇ ಹಿಂದೆ ಮುಂದೆ ಮಾಡುವುದು. ನಾನು ಮಾತ್ರ ಶುರುವಿನಿಂದ ಕೊನೆಯವರೆಗೆ ಗಂಟಲು ಹರಿದುಕೊಳ್ಳುತ್ತಿದ್ದೆ. ನಡುವೆ ಉಸಿರಾಡಲು ಜಾಗ ಬಿಟ್ಟರೆ ಹೇಡಿತನ ಎಂದು ತಿಳಿದಿದ್ದೆವು.

ಅದರ ಐದನೇ ಹಾಡು 'ಹೊರಗೆ ನಿಲ್ಲು'. ಸೀಟಿಯ ಸದ್ದಿನಿಂದ ಶುರುವಾಗುತ್ತಿತ್ತು, ಆಮೇಲೆ ಆ ಎರಡು ಪದಗಳನ್ನು ಹದಿನಾರು ಸಲ ಕೂಗುತ್ತಿದ್ದೆ. ಪಲ್ಲವಿ ಕೂತಿತ್ತು, ಆದರೆ ಎರಡನೇ ಚರಣದ ಒಂದು ಸಾಲು ಅರ್ಧಕ್ಕೆ ನಿಂತಿತ್ತು. 'ಬಾಯಲ್ಲಿ ಸೀಟಿ' ಎಂದು ಬರೆದು ಮುಂದೇನು ಎಂದು ಪೆನ್ನು ಕಚ್ಚುತ್ತಾ ಕೂತಿದ್ದವನಿಗೆ ಫಕ್ಕನೆ ಹೊಳೆಯಿತು. 'ಬಾಯಲ್ಲಿ ಸೀಟಿ, ಬಗಲಲ್ಲಿ ಬಾಟ್ಲಿ'.

"ಆ ಮೇಷ್ಟ್ರು ಕುಡೀತಾರಾ?" ಎಂದು ಶಬೀರ್ ಕೇಳಿದ.

"ಯಾರಿಗೆ ಗೊತ್ತು. ಕೂಡುತ್ತಲ್ಲ, ಕೇಳು," ಎಂದು ಎರಡು ಸಲ ಹಾಡಿ ತೋರಿಸಿದೆ. ಕೂಡುತ್ತಿತ್ತು. ಕುಶಾಲ್ ಕೋಲು ಎತ್ತಿ ಶುರು ಮಾಡಿಯೇಬಿಟ್ಟ. ಅಷ್ಟೇ, ಅದರ ಬಗ್ಗೆ ನಾವು ಖರ್ಚು ಮಾಡಿದ ಸಮಯ ಅಷ್ಟೇ.

ಆ ಹಾಡು ಓಡಿತು. ಉಳಿದ ಎಂಟು ಹಾಡುಗಳನ್ನು ಯಾರೂ ಕೇಳದಿದ್ದರೂ ಅದೊಂದನ್ನು ಹುಡುಗರು ಮೊಬೈಲಿನಲ್ಲಿ ಹಿಡಿದುಕೊಂಡರು. ತಮ್ಮ ತಮ್ಮ ಶಾಲೆಯ ಪಿ.ಟಿ. ಮೇಷ್ಟ್ರು ಬರುವುದನ್ನು ದೂರದಿಂದ ತೆಗೆದು ಹಿಂದೆ ನಮ್ಮ ಹಾಡು ಹಾಕಿದ ತುಣುಕುಗಳು ಎಲ್ಲೆಲ್ಲಿಂದಲೋ ಬಂದವು. ಮೈಸೂರು, ಹಾಸನ, ಮಂಗಳೂರಿನಲ್ಲಿ ಕಾರ್ಯಕ್ರಮಕ್ಕೆ ಕರೆದರು. ಒಂದು ಸಂದರ್ಶನದಲ್ಲಿ, ಇದು ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರ ಮೇಲೆ ಬರೆದದ್ದು ಎಂದು ಶಾಲೆಯ ಹೆಸರಿನ ಸಮೇತ ಹೇಳಿದೆ. ಎದೆ ಉಬ್ಬಿಸಿಕೊಂಡೇ ಹೇಳಿದೆ.

ಸುಮಾರು ಒಂದೂವರೆ ವರ್ಷದ ಮೇಲೆ ಪಾಸ್‌ಪೋರ್ಟಿಗೆಂದು ವ್ಯಾಸಂಗ ಪ್ರಮಾಣಪತ್ರ ಬೇಕಾಗಿ ಶಾಲೆಗೆ ಹೋದೆ. ಕ್ಲರ್ಕು ಅರ್ಧ ಗಂಟೆ ಕಾಯಿರಿ ಎಂದರು. ಮೈದಾನದ ಬೇಲಿಯ ಹತ್ತಿರ ಹೋಗಿ ನಿಂತೆ. ಮಂಜು ಅರ್ಧ ಮೈದಾನ ನುಂಗಿತ್ತು. ಮೇಷ್ಟ್ರು ಅಲ್ಲೇ ಇದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಎರಡೂ ಕೈ ಮೇಲೆತ್ತಿ ಚಪ್ಪಾಳೆ ತಟ್ಟುತ್ತಿದ್ದರು. ತಟ್ಟುತ್ತಾ ಮಂಜಿನೊಳಗೆ ನಾಲ್ಕು ಹೆಜ್ಜೆ ಓಡುವುದು, ಮತ್ತೆ ತಟ್ಟುವುದು. ಆ ಕಡೆಯ ಮಕ್ಕಳಿಗೆ ಅದು ಕೇಳುತ್ತಿರಲಿಲ್ಲ, ಅವರ ಪಾಡಿಗೆ ಅವರು ಆಡುತ್ತಿದ್ದರು.

ಮಂಡಿಗೆ ಬಟ್ಟೆ ಸುತ್ತಿಕೊಂಡ ಒಬ್ಬಳು ಹುಡುಗಿ ಬೇಲಿಯ ಪಕ್ಕ ಆಟ ನೋಡುತ್ತಾ ಕೂತಿದ್ದಳು. "ಸಾರ್ ಸೀಟಿ ಊದಲ್ವಾ?" ಎಂದು ಕೇಳಿದೆ.

"ಊದಿದ್ರೆ ಎಲ್ರೂ ಆ ಹಾಡು ಶುರು ಮಾಡ್ತಾರೆ. ಅದಕ್ಕೆ ಬಿಟ್ಬಿಟ್ರು," ಎಂದಳು. ಯಾವ ಹಾಡು ಎಂದು ನಾನು ಕೇಳಲೇ ಇಲ್ಲ. ಅವಳೇ ಹಾಡಿ ತೋರಿಸಿದಳು, ಸಣ್ಣ ದನಿಯಲ್ಲಿ, ಶ್ರುತಿ ಚೆನ್ನಾಗಿತ್ತು. "ಅದು ನಮ್ ಸಾರ್ ಮೇಲೇ ಬರೆದಿರೋದು, ಗೊತ್ತಾ? ಅವ್ರು ಕುಡೀತಾರಂತೆ. ಅದಕ್ಕೇ ಬೇಸಿಗೆ ಕ್ಯಾಂಪು ಅವ್ರಿಂದ ತೆಗ್ದು ಬೇರೆಯವ್ರಿಗೆ ಕೊಟ್ರು."

"ಅವರು ಕುಡಿದಿದ್ದನ್ನ ನೀನು ನೋಡಿದ್ದೀಯಾ?"

ಅವಳು ನನ್ನನ್ನು ಪೆದ್ದನನ್ನು ನೋಡುವಂತೆ ನೋಡಿದಳು. "ಇಲ್ಲ. ಹಾಡಲ್ಲೇ ಇದೆಯಲ್ಲ."

ಪ್ರಮಾಣಪತ್ರ ತೆಗೆದುಕೊಳ್ಳದೆ ಬಂದುಬಿಟ್ಟೆ. ಬೇಸಿಗೆ ಕ್ಯಾಂಪು ಎಂದರೆ ಏನೆಂದು ನನಗೆ ಗೊತ್ತಿತ್ತು. ಏಪ್ರಿಲ್ ಮೇ ಎರಡು ತಿಂಗಳು, ಯಾರ ಮಕ್ಕಳೇ ಬರಲಿ, ಬೆಳಿಗ್ಗೆ ಆರಕ್ಕೆ ಆ ಇಳಿಜಾರು ಮೈದಾನದಲ್ಲಿ ಅವರು ಹಾಜರು. ಅದನ್ನು ಶುರು ಮಾಡಿದವರೂ ಅವರೇ.

ಆ ವರ್ಷ ನನ್ನೊಳಗೆ ಏನೋ ಕೆಟ್ಟಿತು. ಗಿಟಾರು ಎತ್ತಿಕೊಂಡರೆ ಕೂಗು ಬರುತ್ತಿರಲಿಲ್ಲ. ವೇದಿಕೆಯ ಮೇಲೆ ಜನ 'ಹೊರಗೆ ನಿಲ್ಲು, ಹೊರಗೆ ನಿಲ್ಲು' ಎಂದು ತಾವೇ ಕೂಗಿ ಕೇಳುತ್ತಿದ್ದರು. ಎರಡು ಕಡೆ ಹಾಡಿದೆ, ಬಾಟ್ಲಿಯ ಸಾಲು ಬಂದಾಗ ಮೈಕು ಜನರ ಕಡೆ ತಿರುಗಿಸಿದೆ. ಅವರು ನನಗಿಂತ ಜೋರಾಗಿ ಹಾಡಿದರು. ಮೂರನೇ ಕಡೆ ಹಾಡುವುದಿಲ್ಲ ಎಂದೆ. ಇಳಿದು ಬಂದ ಮೇಲೆ ಕುಶಾಲ್ ನನ್ನ ಎದೆಗೆ ಬೆರಳಿಟ್ಟು, "ಜನ ಬರೋದೇ ಅದೊಂದು ಹಾಡಿಗೆ. ನಿಂಗೆ ಏನಾಗ್ತಾ ಉಂಟು?" ಎಂದ. ಹೇಳಿದೆ. ಅವನು, "ಹೋಗಿ ಕ್ಷಮೆ ಕೇಳಿ ಬಾ, ಆಮೇಲೆ ಹಾಡು" ಎಂದ. ಅವನಿಗೆ ಅದು ಅಷ್ಟು ಸುಲಭದ ವಿಷಯವಾಗಿತ್ತು.

ಮೇಷ್ಟ್ರ ಊರು ಶನಿವಾರಸಂತೆಯ ಹತ್ತಿರ. ಮಡಿಕೇರಿಯಲ್ಲಿ ರೂಮು ಮಾಡಿಕೊಂಡು ವಾರದ ಕೊನೆಗೆ ಮನೆಗೆ ಹೋಗುತ್ತಿದ್ದರು. ಒಂದು ಶನಿವಾರ ಸೋಮವಾರಪೇಟೆಯ ಮೇಲೆ ಬಸ್ಸಿನಲ್ಲಿ ಹೋಗಿ, ಸಂತೆಯಲ್ಲಿ ವಿಚಾರಿಸಿಕೊಂಡು, ಅವರ ಮನೆ ಮುಟ್ಟುವಾಗ ಮೂರು ಗಂಟೆ. ಅವರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಒಂದು ಹಾಕಿ ಸ್ಟಿಕ್ಕಿನ ಹಿಡಿಗೆ ಪಟ್ಟಿ ಸುತ್ತುತ್ತಿದ್ದರು. ತಲೆಯೆತ್ತಿ ನನ್ನ ಕೂದಲು ನೋಡಿದರು, ಉಗುರು ನೋಡಿದರು.

"ಏನ್ಲಾ, ಸಿದ್ದಾಪುರದ ರೈಟರ ಮಗ ಅಲ್ವಾ ನೀನು? ಬಾ, ಕೂತ್ಕೊ."

ಅವರ ಹೆಂಡತಿ ಕಾಫಿ ತಂದಿಟ್ಟು, ನಾನು ಯಾರೆಂದು ತಿಳಿದದ್ದೇ ಒಳಗೆ ಹೋಗದೆ ಬಾಗಿಲಿಗೆ ಒರಗಿ ನಿಂತುಕೊಂಡರು. ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲಿ ಹೋಯಿತೋ. "ಸಾರ್... ಆವತ್ತು ಬಸ್ಸಿಂದ ಇಳ್ಸಿದ್ರಲ್ಲ..." ಎಂದು ಅಲ್ಲಿಂದ ಶುರು ಮಾಡಿದೆ. ಕ್ಷಮೆ ಕೇಳಲು ಹೋದವನು ದೂರು ಹೇಳತೊಡಗಿದ್ದೆ.

"ಇಳ್ಸಿದ್ದು ಸರಿ ಕಣ್ಲಾ," ಎಂದರು ಮೇಷ್ಟ್ರು. "ನಿಂಗೆ ಆಡೋಕೆ ಬತ್ತಿರ್ಲಿಲ್ಲ. ಮೈದಾನಕ್ಕೆ ದಿನಾ ಬತ್ತಿದ್ದೆ, ಅದು ಬೇರೆ." ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಬಿಗಿ ಮಾಡಿದರು. "ಹೊಡ್ದಿದ್ದು ತಪ್ಪು. ಆವತ್ತೇ ಬಸ್ಸಲ್ಲಿ ಅಂದ್ಕೊಂಡೆ. ವಾಪಸ್ ಬಂದು ಕರ್ದು ಹೇಳೋಣ ಅಂತಿದ್ದೆ. ಹೇಳ್ಲಿಲ್ಲ. ಇವತ್ತು ನಾಳೆ ಅಂತ ಹೋಗ್ಬಿಡ್ತು."

ಎಂಟೊಂಬತ್ತು ವರ್ಷ ನಾನು ಕಾದದ್ದು ಇದೇ ಮಾತಿಗೆ. ಅದು ಬಂದಾಗ ಇಟ್ಟುಕೊಳ್ಳಲು ಜಾಗವೇ ಇರಲಿಲ್ಲ.

"ಈಗ ಹಾಡು," ಎಂದರು.

"ಏನು ಸಾರ್?"

"ಆ ಹಾಡು. ಹುಡುಗ್ರ ಬಾಯಲ್ಲಿ ಒಂದು ತುಂಡು, ಮೊಬೈಲಲ್ಲಿ ಒಂದು ತುಂಡು ಕೇಳಿವ್ನಿ. ಪೂರ್ತಿ ಕೇಳಿಲ್ಲ. ಬರ್ದೋನು ನೀನು, ಹಾಡು."

ಗಿಟಾರು ಇರಲಿಲ್ಲ, ಮೈಕು ಇರಲಿಲ್ಲ, ಡ್ರಮ್ಸಿನ ಹಿಂದೆ ಅವಿತುಕೊಳ್ಳುವ ಹಾಗಿರಲಿಲ್ಲ. ಮಧ್ಯಾಹ್ನದ ಬೆಳಕಿನಲ್ಲಿ ಅಂಗಳದ ನಡುವೆ ನಿಂತೆ. ಎದುರಿಗಿರುವ ಇಬ್ಬರಿಗಾಗಿ ಕಿರುಚಲು ಯಾರಿಂದಲೂ ಆಗುವುದಿಲ್ಲ. ದನಿ ತಾನಾಗಿ ಇಳಿಯಿತು. ನಾನು ಅದುವರೆಗೂ ಬಳಸದ ಒಂದು ದನಿ, ಮಾತಿಗಿಂತ ಸ್ವಲ್ಪವೇ ಮೇಲೆ. ಹದಿನಾರು ಸಲ ಕೂಗುತ್ತಿದ್ದ ಪಲ್ಲವಿಯನ್ನು ಎರಡು ಸಲಕ್ಕೆ ಮುಗಿಸಿದೆ. ಎರಡನೇ ಚರಣಕ್ಕೆ ಬಂದು 'ಬಾಯಲ್ಲಿ ಸೀಟಿ' ಎಂದವನು ನಿಂತೆ.

"ಮುಂದೆ?"

"ಮುಂದಿಂದು ಸುಳ್ಳು ಸಾರ್."

"ಸುಳ್ಳು ಅಂತ ನಂಗೊತ್ತಿಲ್ವಾ? ಹಾಡು."

ಹಾಡಿದೆ. ಅವರ ಮುಖ ನೋಡಿಕೊಂಡೇ ಹಾಡಬೇಕಾಯಿತು.

"ಯಾಕೆ ಹಾಕ್ದೆ ಅದ್ನ?"

"ಪ್ರಾಸ ಕೂಡ್ತು ಸಾರ್."

"ಪ್ರಾಸಕ್ಕಾ?" ಎಂದರು. ಹೆಂಡತಿಯ ಕಡೆ ತಿರುಗಿ, "ಪ್ರಾಸಕ್ಕಂತೆ ಕಣೇ," ಎಂದು ನಕ್ಕರು. ನಿಜವಾದ ನಗುವೇ ಅದು, ಹೊಟ್ಟೆ ಅಲುಗುವ ನಗು. ಆದರೆ ಆ ಅಮ್ಮ ನಗಲಿಲ್ಲ.

"ಮದ್ವೆ ಆದಾಗಿಂದ ಒಂದು ಬೇಸಿಗೇಲೂ ಇವ್ರು ಮನೇಲಿ ಇದ್ದೋರಲ್ಲ," ಎಂದರು. "ಜಗಳ ಆಡಿದೀನಿ ಅದಕ್ಕೆ. ಈ ಸಲ ಎರಡು ತಿಂಗಳೂ ಮನೇಲೇ ಕೂತಿದ್ರು. ಬೆಳಿಗ್ಗೆ ಐದಕ್ಕೆ ಎದ್ದು ಶೂ ಹಾಕ್ಕೊಳೋರು, ಬಿಚ್ಚೋರು. ನಾನು ಏನೂ ಕೇಳ್ತಿರ್ಲಿಲ್ಲ."

ಮೇಷ್ಟ್ರು ಅವರನ್ನು ಸುಮ್ಮನಿರು ಎನ್ನುವಂತೆ ನೋಡಿದರು. ನಾನು ಹಾಡನ್ನು ಎಲ್ಲ ಕಡೆಯಿಂದ ತೆಗೆದುಹಾಕುತ್ತೇನೆ ಎಂದೆ. "ತೆಗ್ದು ಏನ್ಮಾಡ್ತೀಯ? ಮಕ್ಕಳಿಗೆ ಬಾಯಿಪಾಠ ಆಗದೆ," ಎಂದರು. ಆಮೇಲೆ ಸ್ವಲ್ಪ ಯೋಚಿಸಿ, ಹುಡುಗರಿಗೆ ಆಟ ವಿವರಿಸುವ ದನಿಯಲ್ಲಿ ಹೇಳಿದರು. "ಬರೋ ಮಾರ್ಚಿಗೆ ನಂಗೆ ರಿಟೈರು. ಅಷ್ಟ್ರೊಳಗೆ ಒಂದು ದಿನ ಬೆಳಿಗ್ಗೆ ಪ್ರೇಯರಿಗೆ ಬಾ. ಮೈಕಲ್ಲಿ ಹೇಳಿದ್ದು ಮೈಕಲ್ಲೇ ಹೇಳು, ಅದು ಸುಳ್ಳು ಅಂತ. ಮಕ್ಕಳ ಮುಂದೆ ಹೇಳು. ಒಂದು ನಿಮಿಷದ ಕೆಲ್ಸ. ನಂಗೆ ಬ್ಯಾರೆ ಏನೂ ಬ್ಯಾಡ."

"ಬರ್ತೀನಿ ಸಾರ್," ಎಂದು ನನ್ನ ನಂಬರು ಬರೆದುಕೊಟ್ಟೆ.

ಬಸ್ಸಿಗೆ ಹೊರಟಾಗ ಗೇಟಿನವರೆಗೆ ಬಂದರು. "ಈಗ ಹಾಡಿದ್ದು ಕೇಳಿಸ್ತು ಕಣ್ಲಾ. ಮೊಬೈಲಲ್ಲಿ ಬರೀ ಅರಚಾಟ, ಆ ಒಂದು ಸಾಲು ಬಿಟ್ರೆ ಏನೂ ತಿಳೀತಿರ್ಲಿಲ್ಲ."

ಎರಡನೇ ಆಲ್ಬಮ್ಮು ಹುಟ್ಟಿದ್ದು ಆ ಮಾತಿನಿಂದ. ಅಂಗಳದಲ್ಲಿ ಸಿಕ್ಕ ಆ ತಗ್ಗಿದ ದನಿಯನ್ನು ಶೆಡ್ಡಿಗೆ ತಂದೆ. ಅದಕ್ಕೆ ಮೊದಲಿನ ಗದ್ದಲ ಹೊಂದುತ್ತಿರಲಿಲ್ಲ. ಶಬೀರ್ ಮೊದಲು ಅರ್ಥ ಮಾಡಿಕೊಂಡ, ಅವನ ಬೇಸು ನನ್ನ ಮಾತಿನ ಪಕ್ಕದಲ್ಲಿ ನಡೆಯತೊಡಗಿತು. ಗಿಟಾರನ್ನು ಪೂರ್ತಿ ಬಾರಿಸದೆ ಒಂದೊಂದು ತಂತಿ ಮೀಟಿ ಬಿಟ್ಟೆ, ಅದು ಸತ್ತುಹೋಗುವವರೆಗೆ ಕಾದೆ. ಕುಶಾಲನಿಗೆ ಕೋಲು ಕೆಳಗಿಟ್ಟು ಬ್ರಷ್ಷಿನಲ್ಲಿ ನುಡಿಸು ಎಂದಾಗ, "ಇದು ಭಜನೆ ಆಗ್ತಾ ಉಂಟು ಮಾರಾಯ" ಎಂದು ಎದ್ದುಹೋದವನು ಮೂರು ವಾರ ಬರಲಿಲ್ಲ. ಬಂದಾಗ ಬ್ರಷ್ಷು ತಾನೇ ಕೊಂಡುತಂದಿದ್ದ. ಸಿಟ್ಟು ಹೋಗಿರಲಿಲ್ಲ, ನಮ್ಮ ಯಾರದ್ದೂ. ಆದರೆ ಅದು ಹಾಡಿನ ತಳದಲ್ಲಿ ಕೂತು, ಒಂದೊಂದು ಕಡೆ ಮಾತ್ರ ತಲೆ ಎತ್ತುತ್ತಿತ್ತು. ಹಾಗೆ ಎತ್ತಿದಾಗ ಮೊದಲಿಗಿಂತ ಹೆಚ್ಚು ಹೆದರಿಕೆಯಾಗುತ್ತಿತ್ತು. ಇನ್ನು ಮೇಲೆ ಪ್ರಾಸಕ್ಕಾಗಿ ಒಂದು ಪದವನ್ನೂ ಸೇರಿಸುವುದಿಲ್ಲ ಎಂದು ಶಪಥ ಮಾಡಿದ್ದೆ. ಹಾಗಾಗಿ ಸಾಲುಗಳು ಉದ್ದ ಗಿಡ್ಡವಾದವು, ತಾಳ ಅದಕ್ಕೆ ತಕ್ಕಂತೆ ಬಗ್ಗಿತು, ನಮ್ಮ ಸದ್ದೇ ಬದಲಾಯಿತು. ಆಲ್ಬಮ್ಮಿನ ಹೆಸರು 'ತಿದ್ದುಪಡಿ'. ಕೊನೆಯ ಹಾಡಿನ ಹೆಸರೂ ಅದೇ, ಬಾಟ್ಲಿಯ ಮಾತು ಸುಳ್ಳು ಎನ್ನುವುದು ಅದರಲ್ಲಿದೆ.

ಹಳೆಯ ಹಾಡನ್ನು ಎಲ್ಲ ಕಡೆಯಿಂದ ತೆಗೆದೆ. ಹೊಸ ಹಾಡು ಬರೆದೆ. ಪ್ರೇಯರಿಗೆ ಮಾತ್ರ ಹೋಗಲಿಲ್ಲ.

ಯಾಕೆ ಹೋಗಲಿಲ್ಲ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಮೂರು ಸಾವಿರ ಜನರ ಎದುರು ಅಳುತ್ತಾ ಹಾಡಿದವನಿಗೆ ಮುನ್ನೂರು ಮಕ್ಕಳ ಎದುರು ಒಂದು ನಿಮಿಷ ನಿಲ್ಲುವ ಧೈರ್ಯ ಬರಲಿಲ್ಲ. ಎರಡು ಸಲ ಮಡಿಕೇರಿಯವರೆಗೂ ಹೋಗಿದ್ದೇನೆ. ಒಂದು ಸಲ ಶಾಲೆಯ ಗಂಟೆ ಕೇಳುವಷ್ಟು ಹತ್ತಿರದ ಹೋಟೆಲಿನಲ್ಲಿ ಎರಡು ಕಾಫಿ ಕುಡಿದು ಬಂದಿದ್ದೇನೆ. ಹೊಸ ಹಾಡು ಬರಲಿ, ಅದೇ ಎಲ್ಲ ಹೇಳುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮಾರ್ಚಿನ ಮಧ್ಯದಲ್ಲಿ ಅವರೇ ಫೋನು ಮಾಡಿದರು. ಕೊಯ್ಲಿನ ಸಮಯಕ್ಕೆ ಶೆಡ್ಡು ಬಿಟ್ಟುಕೊಟ್ಟು ನಾವು ಮೈಸೂರಿನ ಒಂದು ಸ್ಟುಡಿಯೋಗೆ ಬಂದವರು ಇನ್ನೂ ಅಲ್ಲೇ ಇದ್ದೆವು. "ಬತ್ತೀಯೇನ್ಲಾ? ಇನ್ನು ಹದಿನೈದು ದಿನ ಅಷ್ಟೇ ಉಳಿದಿರೋದು."

"ರೆಕಾರ್ಡಿಂಗ್ ಇದೆ ಸಾರ್. ಮುಗಿಸ್ಕೊಂಡು ಬಂದೇ ಬರ್ತೀನಿ."

"ಆಗ್ಲಿ, ಕೆಲ್ಸ ಮುಗ್ಸು," ಎಂದರು. ಬೇಸರವಿದ್ದರೂ ದನಿಯಲ್ಲಿ ತೋರಿಸಲಿಲ್ಲ. ಮತ್ತೆ ಫೋನು ಮಾಡಲಿಲ್ಲ.

ಆ ಮಳೆಗಾಲದಲ್ಲಿ, 'ತಿದ್ದುಪಡಿ' ಹಾಡಿಗೆ ದನಿ ಕೊಡುವ ದಿನ, ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ಅವರ ಫೋಟೋ ಬಂತು. ಕೆಳಗೆ ಹೂವಿನ ಚಿತ್ರ, ಹೃದಯಾಘಾತ ಎಂದು ಎರಡು ಸಾಲು. ನಾನು ಹೆಡ್‌ಫೋನು ಹಾಕಿಕೊಂಡು ನಿಂತಿದ್ದೆ. ಗಾಜಿನ ಆಚೆ ಶಬೀರ್ ಹೆಬ್ಬೆರಳು ಎತ್ತಿ ಶುರು ಮಾಡು ಎಂದು ಸನ್ನೆ ಮಾಡಿದ. ನಾನು ಫೋನನ್ನು ಜೇಬಿಗೆ ಹಾಕಿಕೊಂಡು ಹಾಡಿದೆ... ನಿಲ್ಲಿಸಬಹುದಿತ್ತು. ಹಾಡಿದೆ. ನಡುವೆ ಒಂದು ಕಡೆ ದನಿ ಒಡೆಯಿತು. ಆಲ್ಬಮ್ಮಿನಲ್ಲಿ ಇರುವುದು ಅದೇ.

ಆಲ್ಬಮ್ಮು ಬಂದ ಮೇಲೆ ಎಲ್ಲರೂ ಒಂದೇ ಮಾತು ಬರೆದರು. ಬ್ಯಾಂಡು ಬೆಳೆದಿದೆ, ಕಿರುಚುತ್ತಿದ್ದ ಹುಡುಗರು ಈಗ ಪಕ್ವವಾಗಿದ್ದಾರೆ ಎಂದು. ಕೊನೆಯ ಹಾಡಿನಲ್ಲಿ ದನಿ ಒಡೆಯುವ ಜಾಗವನ್ನು ಬಹಳ ಜನ ಹೊಗಳಿದರು. ಹೊಗಳಿಕೆ ಓದಿದಾಗಲೆಲ್ಲ ಎದ್ದು ಓಡಾಡುವ ಹಾಗಾಗುತ್ತಿತ್ತು. ಪಕ್ವತೆಗೆ ಬೇಕಾಗಿದ್ದದ್ದು ಬೆಳಿಗ್ಗೆ ಒಂಬತ್ತೂವರೆಗೆ ಒಂದು ಶಾಲೆಯ ಅಂಗಳದಲ್ಲಿ ಒಂದು ನಿಮಿಷ. ಅದನ್ನು ನಾನು ಮಾಡಿರಲಿಲ್ಲ.

ಕಳೆದ ವಾರ ಆ ಎಣ್ಣೆಯ ವಾಸನೆ ಹತ್ತಿದ ಮೇಲೆ ತಡೆಯಲಾಗಲಿಲ್ಲ. ಸೋಮವಾರ ಶಾಲೆಗೆ ಫೋನು ಮಾಡಿದೆ. ಹೊಸ ಹೆಡ್ ಮೇಡಂ ಖುಷಿಯಿಂದ ಒಪ್ಪಿದರು, ಒಂದು ಹಾಡನ್ನೂ ಹಾಡಿ ಎಂದರು. ಹಾಡುವುದಿಲ್ಲ, ಮಾತು ಮಾತ್ರ ಎಂದೆ. ನಿನ್ನೆ ಬೆಳಿಗ್ಗೆ ಹೋದೆ. ಪ್ರಾರ್ಥನೆ ಮುಗಿದು ಸುದ್ದಿ ಓದಿದ ಮೇಲೆ ಮೈಕು ಕೈಗೆ ಕೊಟ್ಟರು.

"ಈ ಶಾಲೆಯಲ್ಲಿದ್ದ ಪಿ.ಟಿ. ಮೇಷ್ಟ್ರ ಮೇಲೆ ನಾನು ಒಂದು ಹಾಡು ಬರೆದಿದ್ದೆ," ಎಂದೆ. "ಅದರಲ್ಲಿ ಅವರು ಕುಡೀತಾರೆ ಅಂತ ಒಂದು ಸಾಲಿದೆ. ಅದು ಸುಳ್ಳು. ಅವರು ನನಗೆ ಹೊಡೆದದ್ದು ನಿಜ, ಅದನ್ನ ಅವರು ಒಪ್ಪಿಕೊಂಡ್ರು. ಕುಡೀತಿದ್ರು ಅನ್ನೋದು ನಾನು ಪ್ರಾಸಕ್ಕೆ ಸೇರಿಸಿದ್ದು. ಈ ಮಾತು ಅವರಿದ್ದಾಗ ಬಂದು ಹೇಳಬೇಕಿತ್ತು. ಹೇಳಲಿಲ್ಲ."

ಒಂದು ನಿಮಿಷವೂ ಹಿಡಿಯಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು, ಯಾರು ಏನು ಹೇಳಿದರೂ ತಟ್ಟುವ ಹಾಗೆ. ಹಿಂದಿನ ಸಾಲಿನಲ್ಲಿ ಯಾರೋ 'ಹೊರಗೆ ನಿಲ್ಲು' ಎಂದು ಗುನುಗಿದರು, ಒಬ್ಬ ಟೀಚರು ಕಣ್ಣು ಬಿಟ್ಟರು. ಮುಂದಿನ ಸಾಲುಗಳ ಪುಟ್ಟ ಮಕ್ಕಳು ಮೇಷ್ಟ್ರನ್ನು ನೋಡಿದವರೇ ಅಲ್ಲ. ಅವರಲ್ಲಿ ಒಬ್ಬಳು ಕೈ ಎತ್ತಿ, "ಅವ್ರ ಹೆಸ್ರೇನು ಸಾರ್?" ಎಂದು ಕೇಳಿದಳು. ಮೈಕಿನಲ್ಲೇ ಹೇಳಿದೆ.

ಗೇಟಿನ ಹೊರಗೆ ಬಂದು ಶನಿವಾರಸಂತೆಯ ಮೇಷ್ಟ್ರ ಮನೆಗೆ ಫೋನು ಮಾಡಿದೆ. ಆ ಅಮ್ಮ ಎತ್ತಿದರು. ನಡೆದದ್ದನ್ನೆಲ್ಲ ಹೇಳಿದೆ.

"ಹೇಳಿದ್ದು ಒಳ್ಳೇದಾಯ್ತು ಕಣಪ್ಪ," ಎಂದರು. "ಆ ಮಾರ್ಚಲ್ಲಿ ಪ್ರತಿ ಸೋಮವಾರ ವಾರಕ್ಕಾಗೋಷ್ಟು ಇಸ್ತ್ರಿ ಅಂಗಿ ತುಂಬ್ಕೊಂಡು ಹೋಗೋರು. ನೀನು ಯಾವತ್ತು ಬತ್ತೀಯೋ ಗೊತ್ತಿಲ್ವಲ್ಲ, ಅದಕ್ಕೆ."

ಅವರು ಇನ್ನೂ ಸ್ವಲ್ಪ ಹೊತ್ತು ಕಾದು, ಮೆಲ್ಲಗೆ ಫೋನು ಇಟ್ಟರು.